ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ) ಅನುದಾನ ಎಲ್ಲ ಜಿಲ್ಲೆಗೂ ಯಾಕೆ ಸಿಗುವುದಿಲ್ಲ?

ಅದು ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಿಗೆ ಮಾತ್ರ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಂ ಬಂದ ಮೇಲೆ 2013ರಲ್ಲಿ ಈ ಮಂಡಳಿ ಆಯಿತು, ಕಚೇರಿ ಕಲಬುರಗಿಯಲ್ಲಿದೆ.

ಇದು ಸುಮ್ನೆ ಕೊಡುವ ದುಡ್ಡಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು, ಅದರಲ್ಲಿ 21 ಇದೇ ಭಾಗದವು. ಅರ್ಧಕ್ಕಿಂತ ಜಾಸ್ತಿ ಅಲ್ವಾ? ಹಾಗಾಗಿ ಪ್ರತ್ಯೇಕ ಅನುದಾನ ಕೇಳುವುದರಲ್ಲಿ ತಪ್ಪೇನೂ ಇಲ್ಲ. 2023-24ರ ರಾಜ್ಯ ಬಜೆಟ್‌ನಲ್ಲಿ ಈ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿದರು.

ಆದರೆ ಘೋಷಣೆ ಬೇರೆ, ಕೆಲಸ ಬೇರೆ. ಕ್ರಿಯಾ ಯೋಜನೆ (ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನುವ ಪಟ್ಟಿ) ಒಪ್ಪಿಗೆಯಾಗಬೇಕು, ಅಂದಾಜು ಪಟ್ಟಿ ಆಗಬೇಕು, ಟೆಂಡರ್ ಕರೆಯಬೇಕು, ಆಮೇಲೆ ಬಿಲ್ ಪಾಸಾಗಬೇಕು, ಇಷ್ಟರಲ್ಲಿ ಹಣಕಾಸು ವರ್ಷ ಮುಗಿಯುವ ಮಾರ್ಚ್ ಬಂದೇ ಬಿಡುತ್ತದೆ. ನಮ್ಮ ಕಡೆ ಒಂದು ಶಾಲೆಯ ಎರಡು ಕೋಣೆ ಪಿಲ್ಲರ್ ಮಟ್ಟಕ್ಕೇ ನಿಂತಿವೆ. ಕಂಬಿ ತುಕ್ಕು ಹಿಡಿದಿದೆ, ಮಕ್ಕಳು ಬೇವಿನ ಮರದ ಕೆಳಗೆ ಕೂತು ಮಗ್ಗಿ ಹೇಳುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮೂರಿನ ಕೆಲಸ ಎಲ್ಲಿ ನಿಂತಿದೆ ಅಂತ ತಿಳಿಯಬೇಕಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕ್ರಿಯಾ ಯೋಜನೆಯ ಪ್ರತಿಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.