ಕ್ವೀನ್ಸ್‌ನ ಹಳೆಯ ಕೋ-ಆಪ್‌ನಲ್ಲಿ ಮನೆ ಕೊಳ್ಳಬಹುದೇ?

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ 1950ರ ದಶಕದ ಕೋ-ಆಪ್ (ಸಹಕಾರಿ ವಸತಿ) ಕಟ್ಟಡವೊಂದರಲ್ಲಿ ಮನೆ ನೋಡಿದ್ದೀರಿ. ಮನೆ ನೇರವಾಗಿ ನಿಮ್ಮ ಹೆಸರಿಗೇ ಆಗುವ ಕಾಂಡೋಗಿಂತ ಬೆಲೆ ಇಷ್ಟು ಕಡಿಮೆ ಏಕೆ, ಅಲ್ಲಿ ವಾಸ ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಕ್ವೀನ್ಸ್‌ನದೇ ಫಾರೆಸ್ಟ್ ಹಿಲ್ಸ್‌ನಲ್ಲಿ ಅಂಥದೇ ಕೆಂಪು ಇಟ್ಟಿಗೆಯ ಆರು ಮಹಡಿಯ ಕಟ್ಟಡದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಧಾರಾಳವಾಗಿ ಕೊಳ್ಳಿ, ಆದರೆ ಅಡುಗೆಮನೆಗಿಂತ ಮೊದಲು ಲೆಕ್ಕಪತ್ರ ನೋಡಿ.

ಕೋ-ಆಪ್‌ನಲ್ಲಿ ಮನೆ ನಿಮ್ಮ ಹೆಸರಿಗೆ ನೋಂದಣಿಯಾಗುವುದಿಲ್ಲ. ಇಡೀ ಕಟ್ಟಡ ಒಂದು ಕಂಪನಿಯ ಆಸ್ತಿ. ನೀವು ಕೊಳ್ಳುವುದು ಅದರ ಷೇರುಗಳನ್ನು. ಆ ಷೇರುಗಳ ಬಲದ ಮೇಲೆ ವಾಸದ ಗುತ್ತಿಗೆ ಸಿಗುತ್ತದೆ. ತಿಂಗಳ ಮೇಂಟೆನೆನ್ಸ್‌ನಲ್ಲಿ ಆಸ್ತಿ ತೆರಿಗೆ, ಹೀಟಿಂಗ್, ಬಿಸಿನೀರು, ಸಿಬ್ಬಂದಿಯ ಸಂಬಳ ಎಲ್ಲವೂ ಸೇರಿರುತ್ತವೆ. ಕಟ್ಟಡದ ಮೇಲೆ ಸಾಲವಿದ್ದರೆ ಅದರ ಕಂತೂ ಅದರಲ್ಲೇ. ಬೆಲೆ ಕಡಿಮೆ, ತಿಂಗಳ ಹೊರೆ ಹೆಚ್ಚು ಎನ್ನಿಸುವುದು ಬಹುಮಟ್ಟಿಗೆ ಇದರಿಂದಲೇ.

ಹಾಗಾಗಿ ನಿಮ್ಮ ವಕೀಲರಿಗೆ ಹೇಳಿ, ಕಳೆದ ಎರಡು ಮೂರು ವರ್ಷಗಳ ಲೆಕ್ಕಪತ್ರ ಮತ್ತು ಬೋರ್ಡ್ (ಷೇರುದಾರರು ಆರಿಸಿದ ಆಡಳಿತ ಮಂಡಳಿ) ಸಭೆಗಳ ನಡಾವಳಿಯನ್ನು ಓದಿಸಿ. ಕಟ್ಟಡದ ಸಾಲ ಯಾವಾಗ ಮುಗಿಯುತ್ತದೆ, ಮೀಸಲು ನಿಧಿ ಎಷ್ಟಿದೆ, ಇಡೀ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್‌ಗೆ ಎಷ್ಟು ವಯಸ್ಸು ಎಂಬುದು ಅಲ್ಲಿ ಗೊತ್ತಾಗುತ್ತದೆ. ಕಟ್ಟಡ ಆರು ಮಹಡಿ ಮೀರಿದ್ದರೆ ಐದು ವರ್ಷಕ್ಕೊಮ್ಮೆ ಹೊರಗೋಡೆಯ ತಪಾಸಣೆ ಕಡ್ಡಾಯ. 25,000 ಚದರ ಅಡಿ ದಾಟಿದ ಬಹುತೇಕ ಕಟ್ಟಡಗಳಿಗೆ ನಗರದ ಲೋಕಲ್ ಲಾ 97 ಎಂಬ ಕಾನೂನಿನ ಪ್ರಕಾರ 2024ರಿಂದ ಇಂಗಾಲ ಹೊರಸೂಸುವುದಕ್ಕೆ ಮಿತಿ ಬಂದಿದೆ, 2030ಕ್ಕೆ ಅದು ಇನ್ನಷ್ಟು ಬಿಗಿಯಾಗುತ್ತದೆ. ನಿಧಿ ಸಾಲದಿದ್ದರೆ ಇವುಗಳಿಗಾಗಿ ಮಾಡಬೇಕಾದ ದುರಸ್ತಿಯ ಖರ್ಚು ‘ಅಸೆಸ್‌ಮೆಂಟ್’ ಎಂಬ ಹೆಸರಿನಲ್ಲಿ ಷೇರುದಾರರ ಮೇಲೆಯೇ ಬೀಳುತ್ತದೆ.

ವಾಸದ ಮಾತಿಗೆ ಬಂದರೆ, ಯುದ್ಧಾನಂತರದ ಈ ಮನೆಗಳು ನನಗೆ ಬಹಳ ಇಷ್ಟ. ದೊಡ್ಡ ಕಿಟಕಿ, ಕೈಬಿಚ್ಚಿ ಕೊಟ್ಟ ಕ್ಲಾಸೆಟ್‌ಗಳು, ಲಿಫ್ಟ್. 1920ರ ದಶಕದ ಕಟ್ಟಡಗಳ ದಪ್ಪ ಗೋಡೆ, ಎತ್ತರದ ಚಾವಣಿ ಮಾತ್ರ ಇಲ್ಲಿಲ್ಲ. ನಮ್ಮ ಕುಕ್ಕರ್ ಕೂಗಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಅದಕ್ಕೇ ನೆಲದ ಹೆಚ್ಚಿನ ಭಾಗಕ್ಕೆ ಕಾರ್ಪೆಟ್ ಹಾಸಬೇಕೆಂಬ ನಿಯಮವನ್ನು ಎಲ್ಲರೂ ಪಾಲಿಸುತ್ತೇವೆ. ಚಳಿಗಾಲದಲ್ಲಿ ಬೆಳಗಿನ ಜಾವ ಕೊಳವೆಗಳು ಟಣಟಣ ಬಡಿದುಕೊಂಡು ರೇಡಿಯೇಟರ್ ಬುಸುಗುಟ್ಟುತ್ತದೆ, ಕೋಣೆ ಕಾದು ಜನವರಿಯಲ್ಲೂ ಕಿಟಕಿ ತೆರೆಯಬೇಕಾಗುತ್ತದೆ. ಶಾಖ ಎಷ್ಟಿರಬೇಕೆಂಬುದು ನಿಮ್ಮ ಕೈಯಲ್ಲಿಲ್ಲ.

ಮನೆಯೊಳಗೆ ವಾಷಿಂಗ್ ಮಷಿನ್ ಇಡಲು ನಮ್ಮಲ್ಲಿ ಅನುಮತಿಯಿಲ್ಲ, ನೆಲಮಾಳಿಗೆಗೆ ಇಳಿಯಬೇಕು. ನೆರೆಹೊರೆ ನನಗೆ ದಕ್ಕಿದ್ದು ಅಲ್ಲಿ. ಉಜ್ಬೇಕಿಸ್ತಾನದಿಂದ ಬಂದ ಬುಖಾರಿ ಯಹೂದಿ ಅಜ್ಜಿಯೊಬ್ಬರು ಹೊದಿಕೆಯ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದು ತುದಿ ಹಿಡಿದು ಮಡಚುತ್ತಾ, ಬೋರ್ಡ್ ಚುನಾವಣೆಗೆ ಯಾರು ನಿಂತಿದ್ದಾರೆ, ಬಾಯ್ಲರ್ ಏನಾಯಿತು ಎಂದು ಹೇಳುತ್ತಾರೆ. ಬಾಡಿಗೆಗಿದ್ದ ಕಾಲದಲ್ಲಿ ಎದುರು ಮನೆಯವರ ಹೆಸರೂ ನನಗೆ ತಿಳಿದಿರಲಿಲ್ಲ.

ಕೊಳ್ಳುವವರನ್ನು ಒಪ್ಪುವ ಮುನ್ನ ಬೋರ್ಡ್ ನಡೆಸುವ ಸಂದರ್ಶನಕ್ಕೆ ಹೆದರಬೇಡಿ. ಆದಾಯ, ಸಾಲ, ಮನೆ ಕೊಂಡ ಮೇಲೆ ಉಳಿಯುವ ಹಣ, ಇವುಗಳ ದಾಖಲೆ ಸರಿಯಿರಲಿ, ಮುಖ್ಯವಾಗಿ ನೋಡುವುದು ಅದನ್ನೇ. ಆದರೆ ಮುಂದೆ ಒಂದೆರಡು ವರ್ಷ ಬೆಂಗಳೂರಿನಲ್ಲಿ ಇದ್ದು ಬರುವ ಯೋಚನೆಯಿದ್ದರೆ, ಮನೆಯನ್ನು ಬಾಡಿಗೆಗೆ ಕೊಡುವ ನಿಯಮವನ್ನು ಸಹಿ ಹಾಕುವ ಮುನ್ನವೇ ಓದಿ. ಕೆಲವು ಕಟ್ಟಡಗಳು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ.