ಸಮುದ್ರಕ್ಕೆ ಬಿದ್ದೋನು, ಮತ್ತೆ ಅವನ ಹೆಂಡ್ತಿ ಎಲಿಜಬೆತ್

ಪ್ರಶ್ನೆ: ಸರ್, ಮಗಳ ಮನೆಗೆ ಅಂತ ಬಾಸ್ಟನ್‌ಗೆ ಹೋಗಿದ್ದಾಗ ಪ್ಲಿಮತ್ ಊರಲ್ಲಿ ಒಂದು ಹಳೇ ಮರದ ಮನೆ ತೋರಿಸಿದ್ರು. ಜಾನ್ ಹೌಲಂಡ್ ಅನ್ನೋನು ಇಲ್ಲಿದ್ದ, ಇಂಗ್ಲೆಂಡಿಂದ ಬರೋವಾಗ ಹಡಗಿಂದ ಸಮುದ್ರಕ್ಕೆ ಬಿದ್ದು ಬದುಕಿದ ಅಂದ್ರು. ಅಟ್ಲಾಂಟಿಕ್ ಮಧ್ಯ ಬಿದ್ದೋನು ಬದುಕೋದಾ? ಟೂರಿಸ್ಟ್‌ಗಳಿಗೆ ಕಟ್ಟಿರೋ ಕಥೆ ಅನ್ಸುತ್ತೆ. – ಓದುಗರೊಬ್ಬರು, ತಿಪಟೂರು

ಉತ್ತರ: ಕಥೆ ಅಲ್ಲ ಮೇಡಂ, ನಡೆದಿದ್ದೇ. ಅದೇ ಹಡಗಲ್ಲಿದ್ದ, ಆಮೇಲೆ ಪ್ಲಿಮತ್ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದಾನೆ. 1620ರಲ್ಲಿ ಇಂಗ್ಲೆಂಡಿಂದ ನೆಲೆಸೋಕೆ ಹೊರಟೋರನ್ನ ಹೊತ್ಕೊಂಡು ಮೇಫ್ಲವರ್ ಹಡಗು ಅಮೆರಿಕಕ್ಕೆ ಬರ್ತಿರೋವಾಗ ಭಾರಿ ಬಿರುಗಾಳಿ, ಹಾಯಿ ಎಲ್ಲ ಇಳಿಸಿ ಹಡಗನ್ನ ಅಲೆಗೆ ಬಿಟ್ಟಿದ್ರು, ಅಂಥಾ ಹೊತ್ತಲ್ಲಿ ಈ ಪುಣ್ಯಾತ್ಮ ಡೆಕ್ ಮೇಲೆ ಬಂದ, ಹಡಗು ವಾಲಿದ್ದೇ ತಡ ನೀರಿಗೆ. ಅದೃಷ್ಟಕ್ಕೆ ಮೇಲಿನ ಹಾಯಿ ಎಳೆಯೋ ಹಗ್ಗ ಹೊರಗಡೆ ನೇತಾಡ್ತಿತ್ತು, ಅದು ಕೈಗೆ ಸಿಕ್ತು. ಎಷ್ಟೋ ಆಳಕ್ಕೆ ಮುಳುಗಿದ್ರೂ ಹಗ್ಗ ಬಿಡ್ಲಿಲ್ಲ. ಹಡಗಿನೋರು ಹಗ್ಗ ಎಳೆದು ಮೇಲಕ್ಕೆ ತಂದು, ಬಾವಿಗೆ ಬಿದ್ದ ಬಿಂದಿಗೆನ ಪಾತಾಳಗರಡಿ ಹಾಕಿ ಎತ್ತೋ ಹಾಗೆ ದೋಣಿಯ ಕೊಕ್ಕೆ ಹಾಕಿ ಒಳಗೆ ಎಳ್ಕೊಂಡ್ರು. ಒಂದಷ್ಟು ಹುಷಾರು ತಪ್ಪಿದ, ಅಷ್ಟೇ. ಅದಾದ ಮೇಲೆ 1673ರ ತನಕ, ಎಂಬತ್ತು ದಾಟೋವರೆಗೂ ಬದುಕಿದ್ದ!

ನೀವು ನೋಡಿದ್ದು ಅವನ ಮಗ ಜಾಬೆಜ್‌ನ ಮನೆ, 1660ರ ದಶಕದ್ದು. ಮುದುಕ ಮುದುಕಿ ಚಳಿಗಾಲದಲ್ಲಿ ಅಲ್ಲಿಗೆ ಬಂದಿರ್ತಿದ್ರು ಅಂತಾರೆ. ಅವರ ಸ್ವಂತ ಜಮೀನು ಮನೆ ಇದ್ದಿದ್ದು ರಾಕಿ ನೂಕ್‌ನಲ್ಲಿ, ಅದು ಈಗಿನ ಕಿಂಗ್‌ಸ್ಟನ್ ಊರಿಗೆ ಸೇರುತ್ತೆ.

ಆದ್ರೆ ನನಗೆ ಒಂದು ಬೇಜಾರಿದೆ. ಎಲ್ಲಿ ಕೇಳಿದ್ರೂ ಈ ಹಗ್ಗದ ಕಥೆನೇ, ಅವನ ಹೆಂಡ್ತಿ ಎಲಿಜಬೆತ್ ಟಿಲ್ಲಿ ಬಗ್ಗೆ ಯಾರೂ ಬಾಯಿ ಬಿಡಲ್ಲ. ಅದೇ ಹಡಗಲ್ಲಿ ಬಂದ 13 ವರ್ಷದ ಹುಡುಗಿ ಅವಳು, ಬೆಡ್‌ಫರ್ಡ್‌ಶೈರ್‌ನ ಹೆನ್ಲೋ ಊರಿನೋಳು. ಜೊತೆಗೆ ಅಪ್ಪ ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ. ಮೊದಲನೇ ಚಳಿಗಾಲದಲ್ಲಿ ಬಂದಿದ್ದ 102 ಜನರಲ್ಲಿ ಹತ್ತತ್ರ ಅರ್ಧ ಜನ ಹೋಗ್ಬಿಟ್ರು, ಸರಿಯಾದ ಊಟ ಇಲ್ಲ, ಸೂರಿಲ್ಲ, ಕಾಯಿಲೆ ಬೇರೆ, ಅದರಲ್ಲಿ ಈ ಹುಡುಗಿಯ ನಾಲ್ಕು ಜನ ಹಿರಿಯರೂ ತೀರ್ಕೊಂಡ್ರು. ಹಗ್ಗ ಹಿಡ್ಕೊಂಡಿದ್ದು ಕೆಲವು ನಿಮಿಷದ ಮಾತು, ಇವಳು ಆ ಕಾಡಲ್ಲಿ ಜೀವಮಾನ ಕಳೀಬೇಕಿತ್ತು. ಮೂರ್ನಾಲ್ಕು ವರ್ಷಕ್ಕೆ ಜಾನ್ ಜೊತೆ ಮದುವೆ, 10 ಮಕ್ಕಳು, ಹತ್ತಕ್ಕೆ ಹತ್ತೂ ಬದುಕಿ ದೊಡ್ಡೋರಾದ್ರು. ಆ ಕಾಲದಲ್ಲಿ ಅದು ಸಮುದ್ರದಿಂದ ಎದ್ದು ಬಂದಿದ್ದಕ್ಕಿಂತ ದೊಡ್ಡ ವಿಷ್ಯ ಅಂತೀನಿ ನಾನು. ಗಂಡ ಹೋದ ಮೇಲೆ ಮಗಳು ಲಿಡಿಯಾ ಹತ್ರ ಸ್ವಾನ್ಸಿಯಲ್ಲಿದ್ದು 1687ರಲ್ಲಿ, 80ನೇ ವಯಸ್ಸಲ್ಲಿ ತೀರ್ಕೊಂಡ್ಳು.

ಇನ್ನೂ ಅನ್ಯಾಯ ಕೇಳಿ. ತುಂಬಾ ಕಾಲ ಜನ ಇವಳನ್ನ ಮೊದಲ ಗವರ್ನರ್ ಜಾನ್ ಕಾರ್ವರ್ ಮೊಮ್ಮಗಳು ಅಂತಾನೇ ನಂಬಿದ್ರು, ದೊಡ್ಡ ಮನೆತನದ ಹೆಸರು ಯಾರಿಗೆ ಬೇಡ! ಬ್ರಾಡ್‌ಫರ್ಡ್ ಕೈಬರಹದ ಪುಸ್ತಕ ಕಳೆದೇ ಹೋಗಿತ್ತು, 1855ರಲ್ಲಿ ಲಂಡನ್ ಬಿಷಪ್ಪರ ಲೈಬ್ರರಿಯಲ್ಲಿ ಸಿಕ್ತು, ನೋಡಿದ್ರೆ ಜಾನ್ ಟಿಲ್ಲಿ ಮಗಳು ಎಲಿಜಬೆತ್ ಅಂತ ಸ್ಪಷ್ಟವಾಗಿ ಬರ್ದಿದೆ. ಪಾಪ ಅವಳ ಅಪ್ಪನ ಹೆಸರು ವಾಪಸ್ ಬರೋಕೆ ಇನ್ನೂರು ವರ್ಷದ ಮೇಲಾಯ್ತು.

ಪ್ರಶ್ನೆ: ಆ ಹೌಲಂಡ್ ಯಾರದೋ ಮನೆ ಆಳಾಗಿ ಬಂದಿದ್ದನಂತೆ, ಆಮೇಲೆ ಹೇಗೆ ಅಷ್ಟು ಜಮೀನು ಮಾಡ್ದ? – ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಕಾರ್ವರ್ ಮನೆ ಆಳಾಗಿಯೇ ಬಂದಿದ್ದು. ಆದ್ರೂ ಹೊಸ ಊರಿನ ಆಡಳಿತ ಹೇಗಿರ್ಬೇಕು ಅಂತ ಹಡಗಲ್ಲಿ ಮಾಡ್ಕೊಂಡ ಒಪ್ಪಂದಕ್ಕೆ ಸಹಿ ಹಾಕಿದ 41 ಜನರಲ್ಲಿ ಇವನೂ ಒಬ್ಬ. 1621ರ ವಸಂತದಲ್ಲಿ ಕಾರ್ವರ್ ಗಂಡ ಹೆಂಡ್ತಿ ಇಬ್ಬರೂ ಸತ್ತ ಮೇಲೆ ಧಣಿ ಅನ್ನೋನೇ ಇರ್ಲಿಲ್ಲ. ದುಡ್ಡು ಬಂದಿದ್ದು ಬೀವರ್ ಅನ್ನೋ ಪ್ರಾಣಿಯ ಚರ್ಮದ ವ್ಯಾಪಾರದಿಂದ. ಕಾಲೊನಿಗೆ ಲಂಡನ್ ಸಾಹುಕಾರರ ಸಾಲ ಇತ್ತು, ಅದನ್ನ ತೀರಿಸ್ತೀವಿ ಅಂತ ಹೊತ್ಕೊಂಡ ಎಂಟು ಜನರಲ್ಲಿ ಇವನಿದ್ದ, ಬದಲಿಗೆ ಚರ್ಮದ ವ್ಯಾಪಾರದ ಹಕ್ಕು ಅವರಿಗೆ. 1634ರಲ್ಲಿ ಈಗಿನ ಮೇನ್ ರಾಜ್ಯದ ಕೆನ್ನೆಬೆಕ್ ನದಿ ಹತ್ರ ವ್ಯಾಪಾರದ ಠಾಣೆ ನೋಡ್ಕೊಳ್ತಿದ್ದ. ಹಾಕಿಂಗ್ ಅನ್ನೋ ಇನ್ನೊಬ್ಬ ಇಂಗ್ಲಿಷ್‌ನೋನು ಇದು ನಮ್ಮ ಜಾಗ ಅಂತ ದೋಣಿ ತಂದು ನಿಲ್ಲಿಸ್ದ, ಇವನು ದೋಣಿಯ ಹಗ್ಗ ಕತ್ತರಿಸ್ರೋ ಅಂದ, ಹಾಕಿಂಗ್ ಗುಂಡು ಹಾರಿಸಿ ಹೌಲಂಡ್ ಕಡೆಯೋನೊಬ್ಬನನ್ನ ಕೊಂದ, ಇವರ ಕಡೆಯೋರು ಹಾಕಿಂಗ್‌ನ ಕೊಂದ್ರು. ಆ ನದಿ ಇಬ್ಬರಿಗೂ ಸೇರಿದ್ದಲ್ಲ, ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನದ್ದು, ಅವರನ್ನ ಯಾರು ಕೇಳಿದ್ರು ಹೇಳಿ. ಪ್ಲಿಮತ್‌ನ ನೆಲಾನೂ ಅಷ್ಟೇ, ಅದು ವಾಂಪನೋಗ್ ಅನ್ನೋ ಇನ್ನೊಂದು ಮೂಲನಿವಾಸಿ ಜನರ ಪಟುಕ್ಸೆಟ್ ಅನ್ನೋ ಊರು, ಇವರು ಬರೋದಕ್ಕೆ ಸ್ವಲ್ಪ ವರ್ಷ ಮುಂಚೆ ಸಾಂಕ್ರಾಮಿಕ ರೋಗ ಬಂದು ಇಡೀ ಊರೇ ಖಾಲಿ ಆಗಿತ್ತು. ಹಾಗಾಗಿ ಉಳುಮೆಗೆ ರೆಡಿ ಇದ್ದ ಹೊಲ ಸಿಕ್ತು ಇವರಿಗೆ.

ಪ್ರಶ್ನೆ: ಬುಷ್ ಇವರ ವಂಶನಾ? – ಅದೇ ವಿದ್ಯಾರ್ಥಿ

ಉತ್ತರ: ಹೂಂ, ಅಮೆರಿಕದ ಅಧ್ಯಕ್ಷರಾಗಿದ್ದ ಅಪ್ಪ ಮಗ ಇಬ್ಬರೂ. ಫ್ರಾಂಕ್ಲಿನ್ ರೂಸ್‌ವೆಲ್ಟ್, ನಟ ಹಂಫ್ರಿ ಬೋಗಾರ್ಟ್ ಕೂಡ. 10 ಮಕ್ಕಳು, ಅವರಿಗೆ 88 ಮಕ್ಕಳು ಅನ್ನೋ ಲೆಕ್ಕ ಹಿಡಿದು ನಾನೂರು ವರ್ಷ ಗುಣಿಸಿದ್ರೆ ಅಮೆರಿಕದಲ್ಲಿ ಬೀದಿ ಬೀದಿಗೂ ಒಬ್ಬ ಸಿಗ್ತಾನೆ. ಆದ್ರೆ ಸುಮ್ನೆ ನಾನೂ ಅವರ ವಂಶ ಅಂದ್ರೆ ಅಲ್ಲಿನ ಮೇಫ್ಲವರ್ ವಂಶಸ್ಥರ ಸಂಘದೋರು ಒಪ್ಪಲ್ಲ, ಒಂದೊಂದು ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ದಾಖಲೆ ತಂದು ತೋರಿಸ್ಬೇಕು.