ಮಗನನ್ನು ಐದಕ್ಕೆ ಎಬ್ಬಿಸಿ ಓಡಿಸಿದರೆ ಸರಿಹೋಗುತ್ತಾನಾ?

ಅಕ್ಕಾರೇ, ಐದಕ್ಕೆ ಎಬ್ಬಿಸಿ ಓಡಿಸೋದು ಬೇಡ. ಮಗನಿಗೆ 16, ಪಿಯುಸಿ ಸೈನ್ಸ್, ರಾತ್ರಿ ಒಂದಾದರೂ ಮಲಗಲ್ಲ, ಮಾತಾಡಿಸಿದರೆ ಸಿಡುಕುತ್ತಾನೆ, ಕ್ರಿಕೆಟ್ಟೂ ಬಿಟ್ಟಿದ್ದಾನೆ ಅಂತ ಬರೆದಿದ್ದೀರಿ. ‘ಮೈ ದಣಿದರೆ ಎಲ್ಲ ಸರಿಹೋಗುತ್ತೆ’ ಅಂತ ನಿಮ್ಮ ಮಾವನವರು ಹೇಳ್ತಾರಂತೆ. ನಾನು ಕಲಬುರಗಿಯಲ್ಲೇ ಪಿ.ಟಿ. ಮಾಸ್ತರ್. ಹುಡುಗರನ್ನು ಓಡಿಸೋದೇ ನನ್ನ ಕೆಲಸ. ಆದರೂ ನಿದ್ದೆ ಕಿತ್ತುಕೊಂಡು ಮಾಡಿಸೋ ವ್ಯಾಯಾಮ ನನಗೆ ಒಪ್ಪಿಗೆ ಇಲ್ಲ.

ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಜೊತೆಗೆ ಹರೆಯದಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗಿ ನಡೆಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏಳುವುದರಿಂದ ಹತ್ತಕ್ಕೆ ಮಲಗು ಅಂದರೂ ಕಣ್ಣು ಹತ್ತಲ್ಲ. ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ. ಇದರ ಮೇಲೆ ಆರರ ಟ್ಯೂಷನ್ ಬೇರೆ. ಅಂಥ ಹುಡುಗರು ಮೈದಾನದಲ್ಲಿ ನನಗೆ ತಕ್ಷಣ ಗೊತ್ತಾಗುತ್ತಾರೆ. ಸಾಲಿನಲ್ಲಿ ನಿಂತೇ ತೂಕಡಿಸುತ್ತಾರೆ, ಕ್ಯಾಚ್ ಬಂದರೆ ಚೆಂಡು ಎದೆಗೆ ಬಡಿದ ಮೇಲೆ ಕೈ ಏಳುತ್ತದೆ. ಸಾಧ್ಯ ಇದ್ದರೆ ಟ್ಯೂಷನ್ ಸಂಜೆ ಬ್ಯಾಚಿಗೆ ಹಾಕಿಸಿ.

ನಮ್ಮೂರಿನ ಸೆಕೆಯನ್ನೂ ಮರೆಯಬೇಡಿ. ಮೈ ಸ್ವಲ್ಪ ತಂಪಾಗದೆ ನಿದ್ದೆ ಬರಲ್ಲ. ಏಪ್ರಿಲ್-ಮೇನಲ್ಲಿ ಹಗಲೆಲ್ಲ ಕಾದ ಸ್ಲ್ಯಾಬ್ ಮಧ್ಯರಾತ್ರಿವರೆಗೂ ಝಳ ಬಿಡುತ್ತದೆ. ಸಂಜೆ ಮಾಳಿಗೆಗೆ ನೀರು ಹೊಡೆದು ಅಲ್ಲೇ ಹಾಸಿಗೆ ಹಾಕಿಕೊಡಿ. ಮೊಬೈಲ್ ಕೆಳಗಿರಲಿ, ನಿಮ್ಮದೂ ಕೂಡ. ರಾತ್ರಿ ಓದೋಕೆ ಅಂತ ಚಹಾ ಮಾಡಿಕೊಡೋದು ಬಿಡಿ. ಅದರ ಕೆಫೀನ್ ಅರ್ಧ ಇಳಿಯೋಕೇ ಐದಾರು ತಾಸು ಹಿಡಿಯುತ್ತದೆ. ಭಾನುವಾರ ಹನ್ನೆರಡರವರೆಗೆ ಮಲಗಿದರೆ ಸೋಮವಾರ ಮತ್ತೆ ಅದೇ ಕಥೆ. ತಾಸು, ಒಂದೂವರೆ ತಾಸು ಜಾಸ್ತಿ ಮಲಗಲಿ, ಸಾಕು. ಎದ್ದ ಕೂಡಲೇ ಅಂಗಳದ ಬಿಸಿಲಿಗೆ ಬರಲಿ. ತಡವಾದ ಗಡಿಯಾರವನ್ನು ಮತ್ತೆ ಬೇಗನೆಯ ಹೊತ್ತಿಗೆ ತರೋದು ಆ ಬೆಳಕೇ.

ವ್ಯಾಯಾಮ ಬೇಕೇ ಬೇಕು. ಸಣ್ಣ-ಮಧ್ಯಮ ಮಟ್ಟದ ಖಿನ್ನತೆ ಇರೋ ಹುಡುಗರಿಗೆ ಅದರಿಂದ ಅನುಕೂಲ ಆಗುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮನಸ್ಸು ಕುಗ್ಗಿದವನಿಗೆ ಶೂ ಹಾಕಿಕೊಳ್ಳೋದೇ ಬೆಟ್ಟ. ‘ಹೋಗಿ ಆಡು’ ಅಂದರೆ ಹೋಗಲ್ಲ. ‘ನಡಿಯಪ್ಪಾ, ಕಾಯಿಪಲ್ಯೆ ತರೋಣ’ ಅಂತ ಜೊತೆಗೆ ಕರೆದುಕೊಂಡು ಹೋಗಿ. ಬಿಸಿಲು ಇಳಿದ ಮೇಲೆ ಅಪ್ಪನ ಕೆರೆ ಕಡೆ ಒಂದು ಸುತ್ತು ಹಾಕಿಸಿ. ದಾರಿಯಲ್ಲಿ ಮಾರ್ಕ್ಸ್ ಮಾತು ಎತ್ತಬೇಡಿ. ಆಮೇಲೆ ಹಳೆ ಗೆಳೆಯನೊಬ್ಬ ಮನೆ ಬಾಗಿಲಿಗೆ ಬಂದು ಕರೆಯೋ ಹಾಗೆ ಮಾಡಿ. ನಮ್ಮ ಮೈದಾನದಲ್ಲಿ ಒಬ್ಬನೇ ಓಡುವವನು ಬೇಗ ಬಿಡುತ್ತಾನೆ, ವಾಲಿಬಾಲ್ ಆಡುವವನು ನಾಳೆಯೂ ಬರುತ್ತಾನೆ.

ಇದು ಬರೀ ನಿದ್ದೆಗೇಡೋ, ಖಿನ್ನತೆಯೋ? ಒಂದನ್ನೊಂದು ಹೆಚ್ಚಿಸೋ ಸಂಗತಿಗಳು ಇವು, ಹಾಗಾಗಿ ಮನೆಯಲ್ಲಿ ಕೂತು ತೀರ್ಮಾನ ಮಾಡೋಕೆ ಆಗಲ್ಲ. ರಜೆಯಲ್ಲಿ ಹೊಟ್ಟೆತುಂಬ ನಿದ್ದೆ ಮಾಡಿ ಮತ್ತೆ ನಗುನಗುತ್ತಾ ಬ್ಯಾಟ್ ಹಿಡಿದರೆ ಸ್ವಲ್ಪ ನಿರಾಳ. ಎರಡು ವಾರ ಹೆಚ್ಚೂಕಡಿಮೆ ದಿನಾ ಸಿಡುಕು ಅಥವಾ ಸಪ್ಪೆ ಮುಖ, ಇಷ್ಟವಾದದ್ದೂ ಬೇಡ, ಊಟ ಸೇರಲ್ಲ, ‘ನಾನು ಯಾತಕ್ಕೂ ಬಾರದವನು’ ಅನ್ನೋ ಮಾತು — ಹೀಗಿದ್ದರೆ ಸುಮ್ನೆ ಕಾಯಬೇಡಿ. ಕ್ರಿಕೆಟ್ ಬಿಟ್ಟಿದ್ದಾನೆ ಅಂದಿರಲ್ವಾ, ನನಗೆ ಚುಚ್ಚಿದ್ದು ಅದೇ. ನಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮಾನಸಿಕ ರೋಗ ವಿಭಾಗಕ್ಕೆ ಕರೆದೊಯ್ಯಿರಿ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೆಡಿಕಲ್‌ನಿಂದ ನಿದ್ದೆ ಗುಳಿಗೆ ಮಾತ್ರ ತರಬೇಡಿ.

ಸಾಯೋ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಒಬ್ಬನನ್ನೇ ಬಿಡಬೇಡಿ. ಅನುಮಾನ ಇದ್ದರೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಒಂದು ವಾರ ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ತುಂಬ ಕುಗ್ಗಿದ್ದರೆ ಆ ವಾರವೂ ಕಾಯಬೇಡಿ. ರಕ್ತಹೀನತೆ, ಥೈರಾಯ್ಡ್ ಇದ್ದರೂ ಹೀಗೇ ಸುಸ್ತಾಗುತ್ತದೆ, ಅದನ್ನೂ ಕೇಳಿ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಅವನೊಬ್ಬನನ್ನೇ ಡಾಕ್ಟರ್ ಜೊತೆ ಬಿಟ್ಟು ನೀವು ಹೊರಗೆ ಕೂತಿರಿ.